ಮೆಟ್ಟಿಲು ನಳಿಗೆಯ ಕೋವಿ: ಅಳಿಯನಿಗೊಂದು ಕಾಗದ

ವಿರಾಜಪೇಟೆ,
ಕೈಲ್ ಮುಹೂರ್ತ ಹಬ್ಬದ ಮರುವಾರ

ಪ್ರೀತಿಯ ಅಳಿಯನಿಗೆ,

ಮಳೆ ಇಳಿದ ಮೇಲೆ ನಿನ್ನ ಅಮ್ಮನ ಮಂಡಿನೋವು ಸ್ವಲ್ಪ ಹಗುರಾಗಿದೆ. ಈ ಸಲ ನಾಟಿ ತಡವಾದರೂ ಹಬ್ಬದ ಹೊತ್ತಿಗೆ ಮುಗಿಯಿತು. ಕೋವಿಗಳನ್ನೆಲ್ಲ ಒರೆಸಿ, ಎಣ್ಣೆ ಹಚ್ಚಿ, ನಮ್ಮ ದೇವರ ಕೋಣೆ ಕನ್ನಿಕೊಂಬರೆಯಲ್ಲಿಟ್ಟು, ತೋಕ್ ಪೂ ಹೂ ಸಿಕ್ಕಿಸಿ ಪೂಜೆ ಮಾಡಿದೆವು. ಮಧ್ಯಾಹ್ನ ತೆಂಗಿನಕಾಯಿಗೆ ಗುರಿಯಿಡುವಾಗ ನಿನ್ನ ಹೆಸರು ಹೇಳಿ ನಿನ್ನ ತಮ್ಮ ಒಂದು ಈಡು ಹೊಡೆದ. ಕಾಯಿ ಎರಡು ಹೋಳಾಯಿತು. ನಿನ್ನ ಅಮ್ಮ ಒಳಗೆ ಹೋಗಿ ಕಣ್ಣೊರೆಸಿಕೊಂಡು ಬಂದಳು.

ನೀನು ಕಳಿಸಿದ ಆರು ಫೋಟೋಗಳನ್ನೂ ಅದರ ಕೆಳಗಿನ ನಾಲ್ಕು ಸಾಲುಗಳನ್ನೂ ಹಬ್ಬದ ಗದ್ದಲ ಮುಗಿದ ಮೇಲೆ ಕೂತು ನೋಡಿದೆ. ಅಮೆರಿಕದಲ್ಲಿ ನಿನ್ನ ಜೊತೆ ಕೆಲಸ ಮಾಡುವವನ ತಂದೆ ತೀರಿಹೋಗಿದ್ದಾರೆ, ಅವರ ಹಳೆಯ ಜರ್ಮನ್ ಮೌಸರ್ ರೈಫಲ್ ಮಾರಾಟಕ್ಕಿದೆ, ಅದನ್ನು .30-06 ತೋಟಾಕ್ಕೆ ಬದಲಾಯಿಸಿದ್ದಾರಂತೆ, ಬೆಲೆ ಕಡಿಮೆ, ನವೆಂಬರ್ ಕೊನೆಯ ಜಿಂಕೆ ಶಿಕಾರಿಗೆ ಕೊಳ್ಳಲಾ ಮಾವ ಎಂದು ಕೇಳಿದ್ದೀಯ. ಕೇಳಿದ್ದು ನನಗೆ ಬಹಳ ಸಂತೋಷವಾಯಿತು. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ ಎಂದು ಕಾಗದವನ್ನೇ ಬರೆಯುತ್ತಿದ್ದೇನೆ. ಸಮಾಧಾನದಿಂದ ಓದು.

ಎಲ್ಲಕ್ಕಿಂತ ಮೊದಲ ಮಾತು ಇದು: ಈ ಕಾಗದ ಓದಿ ಮುಗಿಸಿ, ನಾನು ಹೇಳಿದ ಪರೀಕ್ಷೆಗಳನ್ನೆಲ್ಲ ಮಾಡಿಸುವ ತನಕ ಆ ಕೋವಿಗೆ ಒಂದೇ ಒಂದು ತೋಟಾ ತುಂಬಬೇಡ. ಮಾರುವವರು ‘ಒಂದು ಈಡು ಹೊಡೆದು ನೋಡಿ’ ಎಂದರೂ ಬೇಡ.

ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತೇನೆ ಗೊತ್ತೇ? ನಿನ್ನ ಅಮ್ಮ, ನನ್ನ ತಂಗಿ, ಆಗಿನ್ನೂ ತೊಟ್ಟಿಲಲ್ಲಿದ್ದಳು, ನನಗೆ ಒಂಬತ್ತು ವರ್ಷ. ನಮ್ಮ ಚಿಕ್ಕಪ್ಪ ಒಬ್ಬರು ಗದ್ದೆಯಲ್ಲಿ ಹಂದಿ ಕಾಯಲು ಕೇಪಿನ ಕೋವಿ ಹಿಡಿದು ಹೋಗುತ್ತಿದ್ದರು. ಒಂದು ರಾತ್ರಿ ಕರಿಮದ್ದು ಮುಗಿದಿತ್ತು. ಮನೆಯಲ್ಲಿ ಜೋಡುನಳಿಗೆಯ ಎರಡು ತೋಟಾ ಇತ್ತು. ಅದನ್ನು ಕೊಯ್ದು ಒಳಗಿದ್ದ ಹೊಗೆಯಿಲ್ಲದ ಮದ್ದನ್ನು ಕೇಪಿನ ಕೋವಿಗೆ ಸುರಿದು ಗಜದಿಂದ ಜಡಿದರು. ಮದ್ದು ಮದ್ದೇ ಅಲ್ಲವೇ ಎಂಬ ಲೆಕ್ಕ. ಕರಿಮದ್ದಿನ ಒತ್ತಡಕ್ಕೆಂದು ಮಾಡಿದ ನಳಿಗೆ ಅದು. ಹೊಸ ಮದ್ದಿನ ಹೊಡೆತ ತಡೆಯದೆ ಬುಡದಲ್ಲೇ ಸೀಳಿತು. ಬೆಳಗಿನ ಜಾವ ನಾಲ್ಕು ಜನ ಅವರನ್ನು ಹೊತ್ತು ತಂದರು. ಎಡಗೈಯ ಎರಡು ಬೆರಳು ಇರಲಿಲ್ಲ. ಆಮೇಲೆ ಅವರು ಮೂವತ್ತು ವರ್ಷ ಬದುಕಿದರು, ಕೋವಿ ಮುಟ್ಟಲಿಲ್ಲ. ಕೋವಿ ಮತ್ತು ತೋಟಾ ಗಂಡಹೆಂಡಿರ ಹಾಗೆ, ಒಂದಕ್ಕೆ ಒಂದು ಹೊಂದಿಯೇ ಇರಬೇಕು ಎಂಬುದನ್ನು ನಾನು ಕಲಿತದ್ದು ಸೇನೆಯಲ್ಲಲ್ಲ, ಆ ಬೆಳಗಿನ ಜಾವ ನಮ್ಮ ಮನೆಯ ಜಗಲಿಯಲ್ಲಿ.

ಈಗ ನಿನ್ನ ಫೋಟೋಗಳಿಗೆ ಬರುತ್ತೇನೆ. ಎರಡನೆಯ ಫೋಟೋದಲ್ಲಿ ನಳಿಗೆ ಸಿಕ್ಕಿಸಿದ ಉಕ್ಕಿನ ಗೂಡಿನ ಮೇಲೆ ‘ಬಿ ವೈ ಎಫ್’ ಎಂಬ ಸಣ್ಣ ಅಕ್ಷರ, ಕೆಳಗೆ 43 ಎಂದು ಕಾಣುತ್ತದೆ. ಅದು ಒಬೆರ್ನ್‌ಡಾರ್ಫ್‌ನ ಮೌಸರ್ ಕಾರ್ಖಾನೆಯ ಯುದ್ಧಕಾಲದ ಗುಪ್ತ ಗುರುತು; 43 ಎಂದರೆ 1943. ಅಂದರೆ ಇದು ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸಿಪಾಯಿಗಳ ಕೈಯಲ್ಲಿದ್ದ ಕೆ98. ಯುದ್ಧ ಮುಗಿದ ಮೇಲೆ ಅಮೆರಿಕದ ಸೈನಿಕರು ಇಂಥ ಕೋವಿಗಳನ್ನು ಸಾವಿರಾರು ಸಂಖ್ಯೆಯಲ್ಲಿ ಮನೆಗೆ ಒಯ್ದರು. ಈ ಕೋವಿ ಹುಟ್ಟಿದ್ದು 8×57 ಎಂಬ ತೋಟಾಕ್ಕೆ. ಗುಂಡಿನ ದಪ್ಪ ಸುಮಾರು 8.2 ಮಿಲಿಮೀಟರ್, ಹಿತ್ತಾಳೆಯ ಕೊಳವೆಯ ಉದ್ದ 57 ಮಿಲಿಮೀಟರ್. ಆ ಕಾಲದ ಅಮೆರಿಕದಲ್ಲಿ ಅದು ಸುಲಭಕ್ಕೆ ಸಿಗುತ್ತಿರಲಿಲ್ಲ. ಅವರ ಸೇನೆಯ .30-06 ಮಾತ್ರ ಎಲ್ಲೆಲ್ಲೂ ಇತ್ತು. ಅದರ ಹೆಸರಿನ .30 ಅಂಗುಲದ ಲೆಕ್ಕ, 06 ಎಂದರೆ ಅದು ಬಂದ 1906ನೇ ಇಸವಿ. ಕೊಳವೆಯ ಉದ್ದ 63 ಮಿಲಿಮೀಟರ್, ಗುಂಡಿನ ದಪ್ಪ 7.82. ಎರಡು ತೋಟಾಗಳ ಬುಡದ ಅಳತೆ ಮಾತ್ರ ಹೆಚ್ಚುಕಡಿಮೆ ಒಂದೇ.

ಇದರಿಂದ ಕೋವಿ ರಿಪೇರಿಯವರಿಗೆ ಒಂದು ಸುಲಭದ ದಾರಿ ಕಂಡಿತು. ಹೊಸ ನಳಿಗೆ ಹಾಕಿ .30-06 ಮಾಡುವುದು ದುಬಾರಿ. ಹಳೆಯ ನಳಿಗೆಯನ್ನೇ ಇಟ್ಟುಕೊಂಡು, ತೋಟಾ ಕೂರುವ ಚೇಂಬರನ್ನು ಮಾತ್ರ ರೀಮರಿನಿಂದ ಉದ್ದಕ್ಕೆ ಕೊರೆದರೆ, .30-06ರ ಖಾಲಿ ಕೊಳವೆಯ ಕತ್ತನ್ನು ಅಗಲ ಮಾಡಿ 8 ಮಿಲಿಮೀಟರ್ ಗುಂಡು ಕೂರಿಸಿ ಬಳಸಬಹುದು. ಇದಕ್ಕೆ ‘8ಎಂಎಂ-06’ ಎಂದು ಹೆಸರು. ಇದು ಅಂಗಡಿಯ ಕಪಾಟಿನಲ್ಲಿ ಸಿಗುವ ತೋಟಾ ಅಲ್ಲ, ಮನೆಯಲ್ಲಿ ಕೈಯಾರೆ ತುಂಬಿಸಿಕೊಳ್ಳಬೇಕು. ಕೊರೆದವರು ಎಷ್ಟೋ ಸಲ ನಳಿಗೆಯ ಮೇಲೆ ಹೊಸ ಹೆಸರನ್ನು ಕೊರೆಯಲಿಲ್ಲ. ಮಾಡಿಸಿದ ಯಜಮಾನನಿಗೆ ಗೊತ್ತಿತ್ತು, ಅವನ ಕಾಲ ಮುಗಿಯಿತು, ಮಕ್ಕಳಿಗೆ ಬಾಯಿಮಾತಿನಲ್ಲಿ ಉಳಿದದ್ದು ‘ಆಟ್-ಸಿಕ್ಸ್’, ಅಂದರೆ 06 ಎಂಬ ಬಾಲ ಮಾತ್ರ. ಎದುರಿನ ‘8’ ಎಲ್ಲೋ ಬಿದ್ದುಹೋಯಿತು. ನಿನಗೆ ಮಾರುತ್ತಿರುವವರು ಸುಳ್ಳು ಹೇಳುತ್ತಿದ್ದಾರೆ ಎನ್ನುತ್ತಿಲ್ಲ. ತಂದೆ ಹೇಳಿದ್ದರಲ್ಲಿ ನೆನಪಿದ್ದಷ್ಟನ್ನು ಅವರು ಹೇಳುತ್ತಿದ್ದಾರೆ.

ನನಗೆ ಈ ಅನುಮಾನ ಬಂದದ್ದು ನಾಲ್ಕನೆಯ ಫೋಟೋ ನೋಡಿ. ಅದನ್ನು ದೊಡ್ಡದು ಮಾಡಿ ನೋಡು. ನಳಿಗೆ ಬುಡದಿಂದ ಬಾಯಿಯ ತನಕ ನುಣ್ಣಗೆ ಸಪೂರವಾಗುತ್ತಾ ಹೋಗುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಜರ್ಮನ್ ಸೇನೆಯ ಕೆ98 ನಳಿಗೆಯ ಆಕಾರವೇ ಅದು. ಅಮೆರಿಕದ ರಿಪೇರಿಯವರು ಹೊಸದಾಗಿ ಹಾಕುವ ಶಿಕಾರಿ ನಳಿಗೆಗೆ ಈ ಮೆಟ್ಟಿಲು ಇರುವುದು ಅಪರೂಪ. ಮರದ ಹಿಡಿ ಹೊಸದು, ದುರ್ಬೀನು ಹೊಸದು, ಬೋಲ್ಟಿನ ಹಿಡಿ ಬಗ್ಗಿಸಿದ್ದು, ಆದರೆ ನಳಿಗೆ ಹಳೆಯದೇ. ನಳಿಗೆ ಹಳೆಯದಾದರೆ ಅದರ ತೂತು 8 ಮಿಲಿಮೀಟರಿನದು. ತೂತು 8ರದ್ದಾದರೆ ಅದು .30-06 ಆಗಲು ಸಾಧ್ಯವೇ ಇಲ್ಲ. ಮೆಟ್ಟಿಲಿಲ್ಲದಿದ್ದರೆ ನಳಿಗೆ ಹೊಸದು ಎಂದು ಮಾತ್ರ ತಿಳಿಯಬೇಡ, ಮೆಟ್ಟಿಲುಗಳನ್ನು ಅರದಿಂದ ಉಜ್ಜಿ ನುಣ್ಣಗೆ ಮಾಡಿದವರೂ ಇದ್ದಾರೆ. ಮೆಟ್ಟಿಲಿದ್ದರೆ ಸಂಶಯ ಬಲವಾಯಿತು ಎಂದಷ್ಟೇ ಅರ್ಥ.

ಸಂಶಯವನ್ನು ಐದು ನಿಮಿಷದಲ್ಲಿ ಪರೀಕ್ಷಿಸಬಹುದು. ಮೊದಲು ಕೋವಿ ಖಾಲಿ ಇದೆಯೇ ನೋಡು. ಕಣ್ಣಿನಿಂದ ನೋಡು, ಆಮೇಲೆ ಕಿರುಬೆರಳನ್ನು ಚೇಂಬರಿಗೆ ಹಾಕಿ ಮುಟ್ಟಿ ನೋಡು. ಬೋಲ್ಟನ್ನು ಪೂರ್ತಿ ಹೊರಗೆ ತೆಗೆದು ಮೇಜಿನ ಮೇಲಿಡು. ಆಮೇಲೆ .30-06ಕ್ಕೆ ಬಳಸುವ ಬಿಡಿ ಗುಂಡು ಒಂದನ್ನು ತೆಗೆದುಕೋ. ತೋಟಾ ಅಲ್ಲ, ಮದ್ದಿಲ್ಲದ ಬರೀ ಗುಂಡು. ತೋಟಾ ತುಂಬುವವರ ಅಂಗಡಿಯಲ್ಲಿ ಸಿಗುತ್ತದೆ. ಅದರ ಚೂಪು ತುದಿಯನ್ನು ಕೆಳಗೆ ಮಾಡಿ ನಳಿಗೆಯ ಬಾಯಿಗೆ ಬಿಡು. ನಳಿಗೆ ನಿಜವಾಗಿ .30ರದ್ದಾದರೆ ಒಳಗಿನ ಏಣುಗಳ ನಡುವಿನ ಅಳತೆ 7.62, ಗುಂಡು 7.82, ತುದಿ ಮಾತ್ರ ಒಳಗೆ ಹೋಗಿ ಗುಂಡು ಸಿಕ್ಕಿಕೊಂಡು ನಿಲ್ಲುತ್ತದೆ. ನಳಿಗೆ 8ರದ್ದಾದರೆ ಏಣುಗಳ ನಡುವೆ 7.89 ಇರುತ್ತದೆ, ಗುಂಡು ಸಲೀಸಾಗಿ ಒಳಗೆ ಜಾರಿ ಹಿಂದಿನಿಂದ ಮೇಜಿನ ಮೇಲೆ ಬೀಳುತ್ತದೆ. ಹಾಗೆ ಬಿದ್ದರೆ ಮಾರುವವರ ಮಾತು ಅಲ್ಲಿಗೆ ಮುಗಿಯಿತು. ಬಾಯಿ ಸವೆದ ನಳಿಗೆಯಲ್ಲಿ ಈ ಪರೀಕ್ಷೆ ಮೋಸ ಮಾಡಬಹುದು. ಆದ್ದರಿಂದ ಇದನ್ನು ಕೊನೆಯ ತೀರ್ಪು ಎಂದುಕೊಳ್ಳಬೇಡ, ಮೊದಲ ಸಾಕ್ಷಿ ಎಂದುಕೋ.

ಎರಡನೆಯ ಸಾಕ್ಷಿ ಖಾಲಿ ಕೊಳವೆ. ಆ ಯಜಮಾನರು ಹೊಡೆದ ತೋಟಾದ ಹಿತ್ತಾಳೆ ಕೊಳವೆಗಳು ಅವರ ಗ್ಯಾರೇಜಿನ ಯಾವುದಾದರೂ ಡಬ್ಬಿಯಲ್ಲಿ ಇರುತ್ತವೆ, ಮನೆಯವರನ್ನು ಕೇಳು. ಈಡು ಹಾರಿದಾಗ ಹಿತ್ತಾಳೆ ಉಬ್ಬಿ ಚೇಂಬರಿನ ಗೋಡೆಗೆ ಒತ್ತಿಕೊಳ್ಳುತ್ತದೆ, ಆದ್ದರಿಂದ ಪ್ರತಿಯೊಂದು ಖಾಲಿ ಕೊಳವೆಯೂ ಚೇಂಬರಿನ ಅಚ್ಚು. ಬುಡದ ಮೇಲೆ .30-06 ಎಂದು ಬರೆದಿದ್ದರೂ ಕತ್ತಿನೊಳಗೆ ಆ ಬಿಡಿ ಗುಂಡು ಗಡಗಡ ಅಲ್ಲಾಡಿದರೆ ಅದು 8ಎಂಎಂ-06. ಅದೇ ಡಬ್ಬಿಯಲ್ಲಿ ತೋಟಾ ತುಂಬುವ ಡೈಗಳೂ ಅವರ ಕೈಬರಹದ ಟಿಪ್ಪಣಿಯೂ ಇದ್ದರೆ ಅದಕ್ಕೆ ಕೋವಿಯಷ್ಟೇ ಬೆಲೆ. ಕೊಳವೆಯ ಬುಡದಿಂದ ಸ್ವಲ್ಪ ಮೇಲೆ ಹೊಳೆಯುವ ಉಂಗುರ ಕಾಣುತ್ತದೆಯೇ ನೋಡು. ಕಾಗದ ಸಿಕ್ಕಿಸುವ ತಂತಿ ಕ್ಲಿಪ್ಪನ್ನು ನೆಟ್ಟಗೆ ಮಾಡಿ, ತುದಿಯನ್ನು ಚೂರು ಬಗ್ಗಿಸಿ ಕೊಳವೆಯೊಳಗೆ ಗೋಡೆಗುಂಟ ಎಳೆ. ಆ ಉಂಗುರದ ಜಾಗದಲ್ಲಿ ತಂತಿ ತೊಡರಿದರೆ ಒಳಗೆ ಹಿತ್ತಾಳೆ ಹಿಗ್ಗಿ ತೆಳ್ಳಗಾಗಿದೆ, ಮುಂದಿನ ಈಡಿಗೆ ಎರಡು ತುಂಡಾಗುವುದರಲ್ಲಿದೆ ಎಂದು ಅರ್ಥ. ಅದು ಹೆಡ್‌ಸ್ಪೇಸ್ ಜಾಸ್ತಿಯಾಗಿರುವ ಲಕ್ಷಣ.

ಹೆಡ್‌ಸ್ಪೇಸ್ ಎಂದರೆ ಏನೆಂದು ನಿನಗೆ ಬಿಡಿಸಿ ಹೇಳಬೇಕು. ಬೋಲ್ಟ್ ಮುಚ್ಚಿದಾಗ ಅದರ ಮುಖಕ್ಕೂ ತೋಟಾದ ಕತ್ತಿನ ಕೆಳಗಿನ ಭುಜ ತಾಗುವ ಚೇಂಬರಿನ ಜಾಗಕ್ಕೂ ನಡುವಿನ ದೂರವೇ ಅದು. ಅಳೆಯಲು ಗಟ್ಟಿ ಉಕ್ಕಿನ ಗೇಜುಗಳಿರುತ್ತವೆ. ‘ಗೋ’ ಗೇಜಿನ ಮೇಲೆ ಬೋಲ್ಟ್ ಮುಚ್ಚಬೇಕು, ‘ನೋ-ಗೋ’ ಗೇಜಿನ ಮೇಲೆ ಮುಚ್ಚಬಾರದು. ಎರಡರ ನಡುವಿನ ವ್ಯತ್ಯಾಸ ಅಂಗುಲದ ಸಾವಿರದಲ್ಲಿ ನಾಲ್ಕಾರು ಭಾಗ, ಒಂದು ಹಾಳೆ ಕಾಗದದಷ್ಟು. ಅಷ್ಟರಲ್ಲೇ ಕೋವಿಯ ಹಣೆಬರಹ ತೀರ್ಮಾನವಾಗುತ್ತದೆ. 8ಎಂಎಂ-06ರ ಭುಜ .30-06ರ ಜಾಗದಲ್ಲೇ ಇರುವುದರಿಂದ .30-06ರ ಗೇಜುಗಳೇ ಸಾಕು. ಅದನ್ನು ನೀನೇ ಮಾಡಲು ಹೋಗಬೇಡ. ಲೈಸೆನ್ಸ್ ಇರುವ ಒಳ್ಳೆಯ ಗನ್‌ಸ್ಮಿತ್ ಹತ್ತಿರ ಕೊಂಡುಹೋಗು. ಅವರಲ್ಲಿ ‘ಸೆರೋಸೇಫ್’ ಎಂಬ ಮಿಶ್ರಲೋಹ ಇರುತ್ತದೆ. ಅದು 70ರಿಂದ 88 ಡಿಗ್ರಿ ಸೆಲ್ಸಿಯಸಿಗೇ ಕರಗುತ್ತದೆ, ಕುದಿಯುವ ನೀರಿಗಿಂತ ಕಡಿಮೆ ಬಿಸಿ ಸಾಕು. ನಳಿಗೆಯೊಳಗೆ ಬಟ್ಟೆಯ ಬಿರಡೆ ಇಟ್ಟು ಚೇಂಬರಿಗೆ ಅದನ್ನು ಸುರಿದು, ಗಟ್ಟಿಯಾದ ಮೇಲೆ ಹೊರಗೆ ತಟ್ಟಿದರೆ ಚೇಂಬರಿನ ತದ್ರೂಪು ಅಂಗೈ ಮೇಲೆ ಬರುತ್ತದೆ. ಮೊದಲು ಚೂರು ಕುಗ್ಗಿ, ಒಂದು ಗಂಟೆಯ ಹೊತ್ತಿಗೆ ಸರಿಯಾಗಿ ಚೇಂಬರಿನ ಅಳತೆಗೆ ಬಂದು ನಿಲ್ಲುತ್ತದೆ. ಆಗ ಅಳೆದರೆ ಇದು ಯಾವ ತೋಟಾದ ಕೋವಿ ಎಂಬ ಪ್ರಶ್ನೆಗೆ ಎದುರು ಮಾತಿಲ್ಲದ ಉತ್ತರ ಸಿಗುತ್ತದೆ. ಮುದ್ರೆ ತಪ್ಪಬಹುದು, ನೆನಪು ತಪ್ಪಬಹುದು, ಆ ಅಚ್ಚು ತಪ್ಪುವುದಿಲ್ಲ.

ತಪ್ಪು ತೋಟಾ ಹಾಕಿದರೆ ಏನಾಗುತ್ತದೆ? ಅಂಗಡಿಯ .30-06 ತೋಟಾ 8ಎಂಎಂ-06 ಚೇಂಬರಿಗೆ ತಕರಾರಿಲ್ಲದೆ ಹೋಗುತ್ತದೆ, ಅದೇ ಮೋಸ. ಗುಂಡು ಏಣುಗಳನ್ನು ಹಿಡಿಯದೆ ನಳಿಗೆಯೊಳಗೆ ಅಲ್ಲಾಡಿಕೊಂಡು ಹೊರಟು ಎಲ್ಲಿಗೆ ಬೇಕೋ ಅಲ್ಲಿಗೆ ಹೋಗುತ್ತದೆ, ಕೊಳವೆಯ ಕತ್ತು ಬಿರಿದು ಅನಿಲ ಹಿಂದಕ್ಕೆ ನುಗ್ಗಬಹುದು. ಜಿಂಕೆಗೆ ಗಾಯವಾಗಿ ಕಾಡಿನೊಳಗೆ ನರಳುತ್ತದೆ, ಅದೂ ಪಾಪ. ಹಳೆಯ ಜರ್ಮನ್ ಕೋವಿ ಎಂದು ಅದರ ಹುಟ್ಟುತೋಟಾ 8×57 ಹಾಕಿದರೆ ಇನ್ನೂ ಕೆಟ್ಟದ್ದು. ಚೇಂಬರ್ ಮುಂದಕ್ಕೆ ಉದ್ದವಾಗಿರುವುದರಿಂದ ತೋಟಾದ ಭುಜಕ್ಕೆ ಆಸರೆ ಇರುವುದಿಲ್ಲ, ಹಿತ್ತಾಳೆ ಮುಂದಕ್ಕೆ ಹಿಗ್ಗಿ ನಡುವೆ ಹರಿಯುತ್ತದೆ. ಅನಿಲ ಹಿಂದಕ್ಕೆ ಬಂದರೆ ಮೊದಲು ಸಿಗುವುದು ಹೊಡೆಯುವವನ ಕಣ್ಣು.

ಅಮೆರಿಕದಲ್ಲೇ ದಾಖಲಾದ ಒಂದು ಪ್ರಸಂಗವಿದೆ. ಜಪಾನಿನ 6.5 ಮಿಲಿಮೀಟರ್ ಅರಿಸಾಕ ರೈಫಲಿನ ಚೇಂಬರನ್ನು .30-06ಕ್ಕೆ ಕೊರೆದು ನಳಿಗೆಯನ್ನು ಮಾತ್ರ ಹಾಗೇ ಬಿಟ್ಟಿದ್ದರು. ಯಜಮಾನ ಅದರಲ್ಲೇ ಶಿಕಾರಿ ಮಾಡಿ, ಹೆಗಲಿಗೆ ಬಲವಾಗಿ ಒದೆಯುತ್ತದೆ ಎಂದು ರಿಪೇರಿಗೆ ತಂದ. ನೋಡಿದರೆ 7.82 ಮಿಲಿಮೀಟರಿನ ಗುಂಡುಗಳು ಒಂದು ಮಿಲಿಮೀಟರಿಗಿಂತ ಹೆಚ್ಚು ಸಪೂರವಾದ ನಳಿಗೆಯೊಳಗೆ ಹಿಂಡಿಕೊಂಡು ಹೋಗಿದ್ದವು. ಆ ಕೋವಿಯ ಉಕ್ಕು ತಡೆದುಕೊಂಡಿತು. ಅದು ಆ ಉಕ್ಕಿನ ದೊಡ್ಡತನ. ನಾವು ಅದನ್ನು ನಂಬಿ ನಡೆಯಬಾರದು. ಅಷ್ಟು ದಿನ ಏನೂ ಆಗಲಿಲ್ಲ ಎಂಬ ಮಾತು ಕೋವಿಯ ವಿಷಯದಲ್ಲಿ ಸಾಕ್ಷಿಯೇ ಅಲ್ಲ.

ಇನ್ನು ಒತ್ತಡದ ಮಾತು. ಅಮೆರಿಕದ ತಯಾರಕರ ಸಂಸ್ಥೆ ‘ಸಾಮಿ’ .30-06ಕ್ಕೆ ಇಟ್ಟಿರುವ ಗರಿಷ್ಠ ಮಿತಿ ಚದರ ಅಂಗುಲಕ್ಕೆ 60,000 ಪೌಂಡ್. 8×57ಕ್ಕೆ ಅದೇ ಸಂಸ್ಥೆ ಇಟ್ಟದ್ದು 35,000 ಮಾತ್ರ. ಕಾರಣವಿದೆ. 1888ರಲ್ಲಿ ಬಂದ ಮೊದಲ 8×57ರ ಗುಂಡು 8.08 ಮಿಲಿಮೀಟರ್, ಆಮೇಲೆ ಜರ್ಮನ್ ಸೇನೆ ಬಳಕೆಗೆ ತಂದದ್ದು 8.2. ದಪ್ಪ ಗುಂಡು ಹಳೆಯ ಸಪೂರ ನಳಿಗೆಗೆ ಹೋದರೆ ಅಪಾಯ ಎಂದು ಅಮೆರಿಕದವರು ಮದ್ದನ್ನೇ ಕಡಿಮೆ ತುಂಬುತ್ತಾರೆ. ನಿನ್ನದು 1943ರದ್ದಾದ್ದರಿಂದ ಆ ಹಳೆಯ ಸಪೂರ ನಳಿಗೆಯ ಭಯವಿಲ್ಲ. ಮೌಸರ್ 98ರ ಗೂಡು ಸಹ ಗಟ್ಟಿಯದು. ಬೋಲ್ಟಿನ ಮುಂದೆ ಅದನ್ನು ಬಿಗಿಹಿಡಿಯುವ ಎರಡು ಕಿವಿಗಳು, ಹಿಂದೆ ರಕ್ಷಣೆಗೆಂದು ಮೂರನೆಯದು. ಅದಕ್ಕಿಂತ ಹಿಂದಿನ 93ರ ಮಾದರಿಗೆ ಆ ಮೂರನೆಯ ಕಿವಿ ಇಲ್ಲ. ಸ್ಪೇನಿನವರು ಆ ಹಳೆಯ ಮಾದರಿಯ 1916ರ ಕೋವಿಗಳನ್ನು 7.62 ಎಂಬ ಸೇನಾ ತೋಟಾಕ್ಕೆ ಬದಲಾಯಿಸಿದ್ದರು, ಅವೂ ನಿಮ್ಮ ಕಡೆ ಮಾರಾಟಕ್ಕೆ ಬರುತ್ತವೆ. ಎರಡೂ ‘ಮೌಸರ್’ ಎಂದು ಒಂದೇ ತಕ್ಕಡಿಯಲ್ಲಿ ತೂಗಬೇಡ.

ಗೂಡು ಗಟ್ಟಿ ಎಂದರೆ ಸಾಲದು, ಬದಲಾಯಿಸಿದವನು ಅದನ್ನು ಕೆಡಿಸಿರಬಾರದು. ತೋಟಾ ಉದ್ದವಾದ್ದರಿಂದ ಮ್ಯಾಗಜಿನ್ನಿನ ಮುಂದಿನ ಗೋಡೆಯನ್ನೂ, ತೋಟಾ ಏರುವ ಇಳಿಜಾರನ್ನೂ ಕೊರೆದಿರುತ್ತಾರೆ. ಬೋಲ್ಟ್ ತೆಗೆದು ಟಾರ್ಚ್ ಹಾಕಿ ನೋಡು. ಆ ಇಳಿಜಾರಿನ ಹಿಂದೆಯೇ ಕೆಳಗಿನ ಕಿವಿ ಕೂರುವ ಜಾಗ ಇದೆ. ಕೊರೆತ ಅಲ್ಲಿಗೆ ತಾಗಿದ್ದರೆ, ಆಸರೆ ತೆಳುವಾಗಿದ್ದರೆ, ಆ ಕೋವಿ ಬೇಡ. ಬೋಲ್ಟಿನ ಹಿಡಿ ಬಗ್ಗಿಸಲು ಬೆಸುಗೆ ಹಾಕಿರುತ್ತಾರೆ. ಆ ಬಿಸಿ ಮುಂದಿನ ಕಿವಿಗಳ ತನಕ ಹರಿದಿದ್ದರೆ ಉಕ್ಕು ಮೆದುವಾಗಿರುತ್ತದೆ. ಅಲ್ಲಿ ನೀಲಿಬಣ್ಣ, ಕಿವಿಗಳ ಹಿಂದೆ ತಗ್ಗು ಬಿದ್ದ ಗುರುತು ಕಂಡರೆ ಅದೂ ಬೇಡ.

ಈ ಪರಿವರ್ತನೆಯ ಕೆಲಸ ನನಗೆ ಹೊಸದಲ್ಲ. ಸಿಕಂದರಾಬಾದಿನಲ್ಲಿ ಸೇನೆಯ ಇಎಂಇ ಕೇಂದ್ರದಲ್ಲಿ ತರಬೇತಿ ಮುಗಿಸಿ ಆರ್ಮರರ್ ಆಗಿ ಕೆಲಸ ಶುರು ಮಾಡಿದಾಗ ನಮ್ಮ ವರ್ಕ್‌ಶಾಪಿನಲ್ಲಿ ಎರಡು ಥರದ ರೈಫಲ್ ಬರುತ್ತಿದ್ದವು. ಒಂದು ಹಳೆಯ .303, ಇನ್ನೊಂದು ಇಶಾಪುರ ಕಾರ್ಖಾನೆಯ 7.62ರ 2ಎ1. ದೂರದಿಂದ ಅಣ್ಣತಮ್ಮಂದಿರ ಹಾಗೆ. ಒಂದು ಸಲ ನಾನು ಚೀಟಿ ಅದಲುಬದಲು ಕಟ್ಟಿಬಿಟ್ಟೆ. ನಮ್ಮ ಉಸ್ತಾದ್ ಬೈಯಲಿಲ್ಲ. ನನ್ನ ಕಣ್ಣಿಗೆ ಕರವಸ್ತ್ರ ಕಟ್ಟಿ, ಹತ್ತು ಕೋವಿಗಳ ಮುಂದೆ ನಿಲ್ಲಿಸಿ, ಮುಟ್ಟಿ ಹೇಳು ಎಂದರು. ಮ್ಯಾಗಜಿನ್ ಕೆಳಗೆ ಚೌಕವಾಗಿದ್ದರೆ 7.62, ಓರೆಯಾಗಿ ಇಳಿದಿದ್ದರೆ .303. ಸಂಜೆಯ ತನಕ ಮುಟ್ಟಿ ಮುಟ್ಟಿ ಹೇಳಿದೆ. ಇವತ್ತಿಗೂ ಆ ಎರಡು ಆಕಾರ ನನ್ನ ಬೆರಳಿನಲ್ಲಿವೆ.

ಆ 2ಎ1ರ ಕಥೆ ನಿನಗೆ ಪಾಠವಾಗುತ್ತದೆ. 1962ರ ಚೀನಾ ಯುದ್ಧದ ಬೆನ್ನಿಗೆ ಸೇನೆಗೆ ಹೊಸ 7.62 ರೈಫಲುಗಳು ತುರ್ತಾಗಿ ಬೇಕಾಗಿದ್ದವು. ಇಶಾಪುರದವರು ಕೈಗೆ ಪಳಗಿದ್ದ ಲೀ-ಎನ್‌ಫೀಲ್ಡ್ ವಿನ್ಯಾಸವನ್ನೇ ತೆಗೆದುಕೊಂಡರು. ಆದರೆ ಹಳೆಯ .303 ಕೋವಿಗಳ ಚೇಂಬರ್ ಕೊರೆದು ಕೈತೊಳೆದುಕೊಳ್ಳಲಿಲ್ಲ. ಹೊಸ ತೋಟಾದ ಒತ್ತಡ ಹೆಚ್ಚು ಎಂದು ಉತ್ತಮ ಉಕ್ಕಿನಲ್ಲಿ ಹೊಸದಾಗಿಯೇ ತಯಾರಿಸಿದರು. ಮ್ಯಾಗಜಿನ್ ಬದಲಾಯಿಸಿದರು, ದೂರದ ಗುರಿಪಟ್ಟಿಯನ್ನು 2,000ದಿಂದ 800 ಮೀಟರಿಗೆ ಇಳಿಸಿದರು. ಸರಿಯಾದ ಬದಲಾವಣೆ ಎಂದರೆ ಹೀಗೆ ತೋಟಾದ ಹಿಂದೆ ಇಡೀ ಕೋವಿಯೇ ಬದಲಾಗಬೇಕು. ಅಮೆರಿಕದ ನೌಕಾಪಡೆ ಬೇರೆ ದಾರಿ ಹಿಡಿದಿತ್ತು. .30-06ರ ಗಾರಂಡ್ ರೈಫಲುಗಳನ್ನು ಅದಕ್ಕಿಂತ ಗಿಡ್ಡವಾದ 7.62 ತೋಟಾಕ್ಕೆ ತರಲು ಉದ್ದದ ಚೇಂಬರಿನೊಳಗೆ ಉಕ್ಕಿನ ಸಣ್ಣ ಬಳೆ ಕೂರಿಸಿದರು. ಕೆಲವು ಕೋವಿಗಳಲ್ಲಿ ಖಾಲಿ ಕೊಳವೆಯ ಜೊತೆಗೆ ಆ ಬಳೆಯೇ ಕಿತ್ತು ಬಂತು. ಕೊನೆಗೆ ಹೊಸ ನಳಿಗೆಗಳನ್ನೇ ಹಾಕಬೇಕಾಯಿತು. ಅಷ್ಟು ದೊಡ್ಡ ನೌಕಾಪಡೆಗೇ ಅಡ್ಡದಾರಿ ದಕ್ಕಲಿಲ್ಲ ಎಂದರೆ, ಯಾರದೋ ಗ್ಯಾರೇಜಿನಲ್ಲಿ ಆದ ಕೆಲಸವನ್ನು ಪರೀಕ್ಷೆ ಮಾಡದೆ ಒಪ್ಪುವುದು ಹೇಗೆ?

ದುಡ್ಡಿನ ಲೆಕ್ಕವನ್ನೂ ಹಾಕು. ಕೋವಿ ಅಗ್ಗ, ಸರಿ. ಅದಕ್ಕೆ ಗನ್‌ಸ್ಮಿತ್ತಿನ ಪರೀಕ್ಷೆಯ ಕೂಲಿ ಸೇರಿಸು. 8ಎಂಎಂ-06 ಆದರೆ ಡೈ, ತಕ್ಕಡಿ, ಒತ್ತುಯಂತ್ರ, ಮದ್ದು, ಪ್ರೈಮರ್, ಗುಂಡು ಎಲ್ಲ ಬೇಕು, ಕಲಿಯಲು ಒಂದು ಚಳಿಗಾಲ ಬೇಕು. ಹಳೆಯ ಸೇನಾ ತೋಟಾಗಳ ಪ್ರೈಮರಿನ ಉಪ್ಪು ನಳಿಗೆಯನ್ನು ತಿಂದಿರಲೂಬಹುದು. ಬೆಳಕಿಗೆ ಹಿಡಿದು ನೋಡಿದಾಗ ಒಳಗೆ ಕಪ್ಪು ಗುಳಿಗಳು ಕಂಡರೆ ಬೆಲೆ ಇನ್ನೂ ಇಳಿಯಬೇಕು. ಹೀಗೆ ಬದಲಾಯಿಸಿದ ಕೋವಿಗೆ ಸಂಗ್ರಹಕಾರರ ಬೆಲೆಯೂ ಇರುವುದಿಲ್ಲ. ಇದನ್ನೆಲ್ಲ ಕೂಡಿಸಿದರೆ ಕಾರ್ಖಾನೆಯಿಂದಲೇ .30-06ಕ್ಕೆ ಮಾಡಿದ ಬಳಸಿದ ರೈಫಲ್ ಒಂದರ ಬೆಲೆಯ ಹತ್ತಿರ ಬರುತ್ತದೆ.

ಕಾನೂನಿನ ವಿಷಯದಲ್ಲಿ ಒಂದು ಕೂದಲೆಳೆಯಷ್ಟೂ ಆಚೀಚೆ ಆಗಬಾರದು. ಕೊಡವರಾದ ನಮಗೆ ಇಲ್ಲಿ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ತನಕ ಮುಂದುವರಿಸಿತು. ಆ ವಿನಾಯಿತಿ ನಮ್ಮ ಹಿರಿಯರು ನಡೆದುಕೊಂಡ ರೀತಿಗೆ ಸಿಕ್ಕ ಗೌರವ, ಅದನ್ನು ನಂಬಿ ನೀನು ಅಲ್ಲಿ ಸಲಿಗೆ ತೋರಿಸಬಾರದು. ಇಲ್ಲಿಯೂ ಕೋವಿಯನ್ನು ಬೇರೆ ತೋಟಾಕ್ಕೆ ಬದಲಾಯಿಸುವುದು ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸೆನ್ಸ್ ಇರುವವರು ಮಾತ್ರ ಮಾಡುವ ಕೆಲಸ. ನಿನಗೆ ಗ್ರೀನ್ ಕಾರ್ಡ್ ಬಂದಿದೆ, ಆದ್ದರಿಂದ ಕೊಳ್ಳುವ ದಾರಿ ತೆರೆದಿದೆ. ನಿನ್ನ ಜೊತೆ ಇರುವ ಎಚ್-1ಬಿ ಹುಡುಗರ ವಿಷಯ ಹಾಗಲ್ಲ. ಆ ವೀಸಾದಲ್ಲಿರುವವರು ಕೋವಿ ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ತಡೆಯುತ್ತದೆ. ಊರ್ಜಿತದಲ್ಲಿರುವ ಶಿಕಾರಿ ಲೈಸೆನ್ಸಿನಂಥ ಕೆಲವೇ ವಿನಾಯಿತಿಗಳಿವೆ. ವಕೀಲರನ್ನು ಕೇಳದೆ ಯಾರ ಕೈಗೂ ನಿನ್ನ ಕೋವಿ ಕೊಡಬೇಡ, ಫೋಟೋ ತೆಗೆಸಿಕೊಳ್ಳಲೂ ಬೇಡ. ಮಾರುವವರು ಪರಿಚಯದವರೇ ಆದರೂ ಲೈಸೆನ್ಸ್ ಇರುವ ಡೀಲರ್ ಮೂಲಕ 4473 ಫಾರಂ ತುಂಬಿ, ಹಿನ್ನೆಲೆ ತಪಾಸಣೆ ಮಾಡಿಸಿಯೇ ತೆಗೆದುಕೋ. ಆ ಕಾಗದ ನಾಳೆ ನಿನ್ನ ರಕ್ಷಣೆ.

ಕೋವಿ ಬೇಡ ಎಂದು ಹೇಳಲು ಇಷ್ಟು ಬರೆದೆ ಎಂದುಕೊಳ್ಳಬೇಡ. ನಮ್ಮಲ್ಲಿ ಗಂಡುಮಗು ಹುಟ್ಟಿದರೆ ಒಂದು ಈಡು, ಮನೆಯಲ್ಲಿ ಸಾವಾದರೆ ಎರಡು ಈಡು. ನೀನು ಹುಟ್ಟಿದ ದಿನ ಆ ಒಂದು ಈಡು ಹೊಡೆದವನು ನಾನು. ಕೋವಿ ಹಿಡಿಯುವ ಆಸೆ ನಿನ್ನ ರಕ್ತದಲ್ಲಿದೆ, ಅದಕ್ಕೆ ನನ್ನ ತಕರಾರಿಲ್ಲ. ಕೋವಿಯನ್ನು ದೇವರ ಕೋಣೆಯಲ್ಲಿಟ್ಟು ಹೂ ಮುಡಿಸುವ ಮನೆಯವನು ಅದರ ಹುಟ್ಟು, ಅದರ ಹೊಟ್ಟೆ, ಅದರ ಗಾಯ ಎಲ್ಲ ತಿಳಿದುಕೊಂಡೇ ಕೈಗೆತ್ತಿಕೊಳ್ಳಬೇಕು.

ಆದ್ದರಿಂದ ನನ್ನ ತೀರ್ಮಾನ ಹೀಗಿದೆ. ಅಚ್ಚು ತೆಗೆದು, ಗೇಜು ಹಾಕಿ, ಗೂಡು ಮತ್ತು ಬೋಲ್ಟ್ ನೋಡಿ ಗನ್‌ಸ್ಮಿತ್ ಬರವಣಿಗೆಯಲ್ಲಿ ‘ಸರಿ’ ಎಂದರೆ, ಮಾರುವವರು ಪರೀಕ್ಷೆಗೆ ಒಪ್ಪಿದರೆ, 8ಎಂಎಂ-06 ಎಂದು ಒಪ್ಪಿಕೊಂಡ ಬೆಲೆಗೆ ಕೊಟ್ಟರೆ, ಕೊಂಡುಕೋ. ಕೊಂಡ ದಿನವೇ ನಳಿಗೆಯ ಮೇಲೆ ಸರಿಯಾದ ತೋಟಾದ ಹೆಸರನ್ನು ಗನ್‌ಸ್ಮಿತ್ತಿನಿಂದ ಕೊರೆಸು, ನಿನ್ನ ನಂತರ ಅದನ್ನು ಹಿಡಿಯುವ ಮಗುವಿಗೆ ಈ ಗೊಂದಲ ಉಳಿಯಬಾರದು. ಪರೀಕ್ಷೆಗೆ ಒಪ್ಪದಿದ್ದರೆ ಕೈ ಮುಗಿದು ಹಿಂತಿರುಗು. ಈ ನವೆಂಬರಿಗೆ ಶಿಕಾರಿ ಮಾಡಲೇಬೇಕೆಂದಿದ್ದರೆ ಹುಟ್ಟಿನಿಂದಲೇ .30-06 ಆಗಿರುವ ಬೇರೆ ಕೋವಿ ನೋಡು. ನಿನ್ನ ಕೈಯಲ್ಲಿ ಹಣದ ಕೊರತೆಯಾದರೆ ಸಂಕೋಚ ಬಿಟ್ಟು ಹೇಳು, ಈ ವರ್ಷ ಕರಿಮೆಣಸು ಚೆನ್ನಾಗಿದೆ.

ಆ ಬಿಡಿ ಗುಂಡನ್ನು ನಳಿಗೆಯ ಬಾಯಿಗಿಟ್ಟ ಫೋಟೋ ನನಗೆ ಕಳಿಸು. ಅದು ನಿಂತಿತೋ ಜಾರಿತೋ ನೋಡಿದ ಮೇಲೆ ಮುಂದಿನ ಮಾತು ಆಡೋಣ. ಅಲ್ಲಿಯ ತನಕ ಬೋಲ್ಟ್ ಬೇರೆ, ಕೋವಿ ಬೇರೆ ಇರಲಿ.

ನಿನ್ನ ಹೆಂಡತಿಗೂ ಮಗುವಿಗೂ ನನ್ನ ಆಶೀರ್ವಾದ ಹೇಳು.

ಇಂತಿ ನಿನ್ನ ಪ್ರೀತಿಯ,
ಮಾವ